ಕ್ಯಾಷಿಯರ್‌ಗೆ ಹೆಸರು ಯಾಕಿಲ್ಲ?

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ನೂರು ವರ್ಷ ಹಿಂದಿನ ಜರ್ಮನ್ ಎಕ್ಸ್‌ಪ್ರೆಷನಿಸ್ಟ್ ನಾಟಕಗಳನ್ನು ಹೊಗಳಿದ್ದೀರಿ. ಪಾತ್ರಗಳಿಗೆ ಹೆಸರಿಲ್ಲ, ಗೋಡೆ ನೆಟ್ಟಗಿಲ್ಲ, ಮಾತೆತ್ತಿದರೆ ಕಿರುಚಾಟ. ಇದ್ದದ್ದನ್ನು ಇದ್ದ ಹಾಗೆ ತೋರಿಸಲು ಬಾರದವರ ಉಪಾಯ ಇದು, ಅಲ್ವಾ?

ಸಂಪಾದಕರ ಉತ್ತರ: ಕಿರುಚಾಟದ ವಿಷಯದಲ್ಲಿ ನನ್ನ ಓಟೂ ನಿಮಗೇ. ಆದರೆ ‘ಬಾರದವರು’ ಅನ್ನುವುದನ್ನು ಒಪ್ಪಲಾರೆ. ಮನೆಯನ್ನು ಮನೆಯ ಹಾಗೇ ರಂಗದ ಮೇಲೆ ತರುವ ವಿದ್ಯೆ ಬರ್ಲಿನ್ನಿಗೆ ಹಳೆಯದಾಗಿತ್ತು. ನಾಟಕಕಾರ ಹಾಪ್ಟ್‌ಮನ್ ಅವರ ಅಂಥ ನಾಟಕವೊಂದು ಅಲ್ಲಿ ಗದ್ದಲ ಎಬ್ಬಿಸಿದ್ದು 1889ರಲ್ಲಿ. ಮುಂದೆ ಬಂದ ಈ ಎಕ್ಸ್‌ಪ್ರೆಷನಿಸ್ಟರಿಗೆ ಅದರಿಂದಲೇ ಬೇಸರ ಬಂತು. ಹೊರಗೆ ಕಾಣುವುದನ್ನೆಲ್ಲ ತೋರಿಸಿದಿರಿ, ಒಳಗಿನದು ಎಲ್ಲಿ ಅಂತ ಅವರ ತಕರಾರು.

ಗೆಯೋರ್ಗ್ ಕೈಸರ್ ಅವರ ‘ಬೆಳಗಿನಿಂದ ನಡುರಾತ್ರಿಯವರೆಗೆ’ ನಾಟಕವನ್ನೇ ನೋಡಿ. ಬರೆದದ್ದು 1912ರಲ್ಲಿ, ರಂಗಕ್ಕೆ ಬಂದದ್ದು 1917ರಲ್ಲಿ, ಮ್ಯೂನಿಕ್‌ನಲ್ಲಿ. ಬ್ಯಾಂಕಿನ ಕೌಂಟರ್ ಹಿಂದೆ ಒಬ್ಬ ಕ್ಯಾಷಿಯರ್. ಬಾಯಿ ಬಿಡುವುದೇ ಅಪರೂಪ. ಕೌಂಟರ್ ಕುಟ್ಟಿ ಜನರನ್ನು ಕರೆಯುತ್ತಾನೆ, ದುಡ್ಡು ಎಣಿಸುತ್ತಾನೆ. ಪರಊರಿನ ಹೆಂಗಸೊಬ್ಬಳ ಕೈ ಅವನ ಕೈಗೆ ತಾಗುತ್ತದೆ. ಅಷ್ಟೇ. 60,000 ಮಾರ್ಕ್ ಎತ್ತಿಕೊಂಡು ಹೊರಟುಬಿಡುತ್ತಾನೆ. ಇವನಿಗೊಂದು ಹೆಸರಿದ್ದಿದ್ದರೆ ನಾವು ಊರು, ಮನೆತನ ವಿಚಾರಿಸುತ್ತ ಕೂರುತ್ತಿದ್ದೆವು. ಆದರೆ ಕೆಲಸ ಅವನನ್ನು ತಿಂದು ಮುಗಿಸಿದೆ. ಉಳಿದಿರುವುದು ಕೆಲಸದ ಹೆಸರೊಂದೇ.

ಓಡುವ ದಾರಿಯಲ್ಲಿ ಹಿಮ ತುಂಬಿದ ಬಯಲು. ಒಂದು ಬೋಳು ಮರ. ಕೊಂಬೆಗಳಿಗೆ ಹಿಮ ಅಂಟಿ ನೋಡನೋಡುತ್ತ ಅದು ಹಲ್ಲುಕಿರಿಯುವ ಅಸ್ಥಿಪಂಜರವಾಗುತ್ತದೆ. ಅವನು ಅದರ ಜೊತೆ ಮಾತಿಗೇ ನಿಲ್ಲುತ್ತಾನೆ! ಇಲ್ಲಿ ನಿಜವಾದ ಮರ ತಂದು ನೆಟ್ಟರೆ ಏನು ಬಂತು? ನೀವು ಹೇಳಿದ ಗೋಡೆಯ ಲೆಕ್ಕವೂ ಇದೇ. ವಾಲಿರುವುದು ಗೋಡೆಯಲ್ಲ, ಅದನ್ನು ನೋಡುತ್ತಿರುವವನ ಮನಸ್ಸು.

ಇದನ್ನು ಒಪ್ಪದವರು ಆಗಲೂ ಇದ್ದರು, ನೀವು ಒಂಟಿಯಲ್ಲ. 1919ರಲ್ಲಿ ನಿರ್ದೇಶಕ ಯೆಸ್ನರ್ ಬರ್ಲಿನ್ನಿನಲ್ಲಿ ಸ್ವಿಟ್ಜರ್ಲೆಂಡಿನ ಕಥೆಯಿರುವ ‘ವಿಲ್‌ಹೆಲ್ಮ್ ಟೆಲ್’ ನಾಟಕ ಆಡಿಸಿದಾಗ ಅಲ್ಲಿನ ಬೆಟ್ಟಗಳ ಬದಲು ಬರೀ ಮೆಟ್ಟಿಲು ಇಟ್ಟರು. ಮೊದಲ ದಿನವೇ ದೊಡ್ಡ ಗಲಾಟೆ.

ಕಿರುಚಾಟಕ್ಕೆ ಮಾತ್ರ ನಾನು ವಕಾಲತ್ತು ವಹಿಸುವುದಿಲ್ಲ. ಈ ನಾಟಕಗಳ ‘ಓ ಮನುಷ್ಯಾ’ ಎಂಬ ಕೂಗು ಮೊದಲ ಮಹಾಯುದ್ಧ ಮುಗಿದ ಕೆಲವೇ ವರ್ಷಗಳಲ್ಲಿ ಜರ್ಮನರಿಗೂ ಸಾಕಾಗಿತ್ತು. ಸುಮ್ನೆ ಕೂಗಿದ ನಾಟಕಗಳೇ ಜಾಸ್ತಿ. ಕೈಸರ್ ಕೂಡ ಕೂಗಿಸುತ್ತಾರೆ, ಆದರೆ ಎಲ್ಲಿ ನಿಲ್ಲಿಸಬೇಕೆಂದು ಅವರಿಗೆ ಗೊತ್ತು. ಕೊನೆಯಲ್ಲಿ ಕ್ಯಾಷಿಯರ್ ಗುಂಡು ಹಾರಿಸಿಕೊಂಡು, ಪರದೆಗೆ ಹೊಲಿದ ಶಿಲುಬೆಯ ಮೇಲೆ ಕೈಚಾಚಿ ಒರಗುತ್ತಾನೆ. ದೀಪಗಳೆಲ್ಲ ಸಿಡಿದು ಕತ್ತಲು. ಆಗ ಪೊಲೀಸಿನವನು ಹೇಳುವುದಿಷ್ಟೇ: ವೈರಿನಲ್ಲಿ ಶಾರ್ಟ್ ಸರ್ಕ್ಯೂಟ್ ಆಗಿದೆ.