ಆ ಮೇಜಿನ ಮೇಲೆ ಏನಿತ್ತು?

ನಮಸ್ಕಾರ.

ಜಪಾನಿನ 'ದಿ ಫ್ಯಾಮಿಲಿ ಗೇಮ್' ಸಿನಿಮಾದ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಭಾಷೆ ಶುದ್ಧವಾಗಿದೆ, ಓದಿಸಿಕೊಂಡು ಹೋಗುತ್ತದೆ. ಯೊಶಿಮಿತ್ಸು ಮೊರಿತಾ 1983ರಲ್ಲಿ ಮಾಡಿದ ಈ ಬ್ಲ್ಯಾಕ್ ಕಾಮಿಡಿ ಬಗ್ಗೆ ಕನ್ನಡದಲ್ಲಿ ಬರೆಯಬೇಕು ಅಂತ ನಿಮಗೆ ಅನ್ನಿಸಿದ್ದೇ ನನಗೆ ಖುಷಿ. ಆದರೆ ಈಗ ಇರುವ ಹಾಗೆ ಇದನ್ನು ಪ್ರಕಟಿಸಲಾರೆ. ಇದು ನನಗೆ ತುಂಬ ಹತ್ತಿರದ ಸಿನಿಮಾ. ಹಾಗಾಗಿ ಕಾರಣ ಬಿಡಿಸಿ ಹೇಳುತ್ತೇನೆ.

ನಿಮ್ಮ ಎರಡನೇ ಪ್ಯಾರಾದ ಸಾಲು: "ಸಾಲಾಗಿ ಕೂತು ಉಣ್ಣುವ ಕುಟುಂಬವು ಆಧುನಿಕ ಸಮಾಜದ ಪರಕೀಯತೆಯ ಸಂಕೇತವಾಗಿದೆ."

ಸಾಲಾಗಿ ಕೂತು ಉಣ್ಣುವುದು ನಮಗೇನು ಹೊಸದಾ? ಮದುವೆ ಮನೆಯ ಪಂಕ್ತಿಯಲ್ಲಿ ಹಾಗೇ ಕೂರುತ್ತೇವೆ ಅಲ್ವಾ? ನಿಮ್ಮ ಸಾಲು ಓದಿದವರ ಕಣ್ಣಿಗೆ ಮೊದಲು ಬರುವುದು ಬಾಳೆಎಲೆ. ಯಾಕಂದರೆ ಆ ಮನೆಯ ಊಟದ ಮೇಜನ್ನು ನೀವು ತೋರಿಸಿಯೇ ಇಲ್ಲ. ಅದು ಉದ್ದಕ್ಕಿದೆ, ಅಗಲವೇ ಇಲ್ಲ. ಅಪ್ಪ, ಅಮ್ಮ, ಇಬ್ಬರು ಗಂಡುಮಕ್ಕಳು ಒಂದೇ ಬದಿಗೆ, ನಮ್ಮ ಕಡೆ ಮುಖ ಮಾಡಿ ಕೂತಿದ್ದಾರೆ. ಅವರ ಎದುರಿಗೆ ಯಾರೂ ಇಲ್ಲ. ಒಬ್ಬರ ಮುಖ ಒಬ್ಬರು ನೋಡಬೇಕಾದರೆ ಕತ್ತು ತಿರುಗಿಸಬೇಕು. ಚಿಕ್ಕ ಮಗನಿಗೆ ಮನೆಪಾಠ ಹೇಳಲು ಬಂದ ಮೇಷ್ಟ್ರು ಕೂಡ ಅದೇ ಸಾಲಿಗೆ ತೂರಿಕೊಳ್ಳುತ್ತಾನೆ. ಆ ಪಾತ್ರ ಮಾಡಿದ ಯೂಸಾಕು ಮತ್ಸುದಾ ಎತ್ತರದ ಆಳು. ಇನ್ನು ಕೈ ಆಡಿಸಲು ಜಾಗವೆಲ್ಲಿ? ಇಷ್ಟು ಬರೆದಿದ್ದರೆ 'ಸಂಕೇತ' ಅನ್ನುವ ಪದವೇ ಬೇಕಿರಲಿಲ್ಲ.

ಮುಂದಿನ ಸಾಲು: "ತಂದೆಯ ಪಾತ್ರ ಪಿತೃಪ್ರಧಾನ ವ್ಯವಸ್ಥೆಯನ್ನು ಪ್ರತಿಬಿಂಬಿಸುತ್ತದೆ."

ಜೂಜೊ ಇತಾಮಿ ಮಾಡಿದ ಆ ಅಪ್ಪನಿಗೆ ಮೊಟ್ಟೆಯ ಹಳದಿಯನ್ನು ಬಾಯಿಟ್ಟು ಹೀರಬೇಕು. ಅದು ಜಾಸ್ತಿ ಬೆಂದು ಗಟ್ಟಿಯಾಯಿತು, ಹೀರಲು ಆಗುವುದಿಲ್ಲ ಅಂತ ಹೆಂಡತಿಯ ಮುಂದೆ ಗೊಣಗುತ್ತಾನೆ. ಸಿನಿಮಾಕ್ಕೆ ಹಿನ್ನೆಲೆ ಸಂಗೀತ ಇಲ್ಲ. ಹೀರುವ, ಅಗಿಯುವ ಸದ್ದು ನೇರವಾಗಿ ಕಿವಿಗೆ ಬಂದು ಕೂರುತ್ತದೆ. ಹೆಂಡತಿಯ ಜೊತೆ ಗುಟ್ಟಾಗಿ ಮಾತಾಡಬೇಕಾದರೆ ಇದೇ ಯಜಮಾನ ಅವಳನ್ನು ಕರೆದುಕೊಂಡು ಹೋಗಿ ಕಾರಿನಲ್ಲಿ ಕೂರಬೇಕು. ನನಗೆ ನಗು ಬಂದಿದ್ದೂ ಅಲ್ಲೇ, ಪಾಪ ಅನ್ನಿಸಿದ್ದೂ ಅಲ್ಲೇ. ನಿಮ್ಮ ಸಾಲಿನಲ್ಲಿ ಎರಡೂ ಇಲ್ಲ.

ನಾನು ಈ ಕೆಲಸ ಕಲಿತದ್ದು ಒಂದು ವಾರಪತ್ರಿಕೆಯಲ್ಲಿ. ಮೊದಲ ವಿಮರ್ಶೆಯಲ್ಲಿ "ನಾಯಕಿಯ ಒಂಟಿತನ ಮನ ಕಲಕುತ್ತದೆ" ಅಂತ ಬರೆದಿದ್ದೆ. ನಮ್ಮ ಹಿರಿಯರು ಓದಿ, "ಆಗ ಅವಳ ಕೈಯಲ್ಲಿ ಏನಿತ್ತು?" ಅಂತ ಕೇಳಿದರು. ನೆನಪಿರಲಿಲ್ಲ. ಅವತ್ತೇ ಸಂಜೆಯ ಆಟಕ್ಕೆ ಮತ್ತೆ ಟಿಕೆಟ್ ತಗೊಂಡೆ. ಅವಳ ಕೈಯಲ್ಲಿ ಒದ್ದೆ ಬಟ್ಟೆ ಇತ್ತು. ನೀರು ಪೂರ್ತಿ ಇಳಿದಿದ್ದರೂ ಹಿಂಡುತ್ತಲೇ ಇದ್ದಳು. ಆ ಒಂದು ಸಾಲು ಬರೆದ ಮೇಲೆ ಹಳೆಯ ಪ್ಯಾರಾ ಪೂರ್ತಿ ಹೊಡೆದು ಹಾಕಿದೆ. ಇವತ್ತಿಗೂ ಸಿನಿಮಾ ನೋಡುವಾಗ ನನ್ನ ಕಣ್ಣು ಮೊದಲು ಹೋಗುವುದು ಕೈಗಳ ಮೇಲೆ.

ಅದಕ್ಕೇ ನಿಮ್ಮ ಕೊನೆಯ ಪ್ಯಾರಾ ಓದಿ ಸಿಟ್ಟು ಬಂತು. "ಕ್ಲೈಮ್ಯಾಕ್ಸ್‌ನಲ್ಲಿ ಅರಾಜಕತೆ ತಾಂಡವವಾಡುತ್ತದೆ" ಅಂತ ಬರೆದು ಮುಗಿಸಿದ್ದೀರಿ. ಅದು ಮಗ ಪರೀಕ್ಷೆ ಪಾಸಾದ ಖುಷಿಗೆ ಇಟ್ಟುಕೊಂಡ ಊಟ. ಅಪ್ಪನ ಮಾತು ನಡೆದೇ ಇರುತ್ತದೆ, ಪಕ್ಕದಲ್ಲಿ ಮೇಷ್ಟ್ರು ವೈನ್ ಚೆಲ್ಲುತ್ತಾನೆ, ತಟ್ಟೆಯಲ್ಲಿದ್ದದ್ದನ್ನು ಎಸೆಯುತ್ತಾನೆ. ಆಮೇಲೆ ಏಟು. ಕೊನೆಗೆ ಮೇಜೇ ಮಗುಚಿಕೊಳ್ಳುತ್ತದೆ. ಮೊರಿತಾ ಇದನ್ನು ಕತ್ತರಿಸದೆ ಒಂದೇ ಉದ್ದದ ಶಾಟ್‌ನಲ್ಲಿ ತೋರಿಸುತ್ತಾರೆ. ಮೇಷ್ಟ್ರು ಹೋದ ಮೇಲೆ ಮನೆಯವರೆಲ್ಲ ನೆಲಕ್ಕೆ ಕೂತು ಚೆಲ್ಲಿದ್ದನ್ನು ಬಳಿಯುತ್ತಾರೆ. ಕೊನೆಗೂ ಎಲ್ಲರೂ ಸೇರಿ ಒಂದು ಕೆಲಸ ಮಾಡಿದರಲ್ಲ ಅಂತ ನನ್ನ ಗಂಟಲು ಕಟ್ಟಿತು. ನಿಮಗೆ ಏನಾಯಿತು?

ಪೆನ್ನು, ಹಾಳೆ ಇಟ್ಟುಕೊಂಡು ಇನ್ನೊಮ್ಮೆ ನೋಡಿ. ಕಟ್ಟಕಡೆಯ ಮಧ್ಯಾಹ್ನ ಹೊರಗೆ ಹೆಲಿಕಾಪ್ಟರ್ ಸದ್ದು ಕೇಳುತ್ತದೆ, ಒಳಗೆ ಅಮ್ಮ, ಮಕ್ಕಳಿಗೆ ಜೊಂಪು ಹತ್ತುತ್ತದೆ. ಅದು ನಿಮ್ಮ ಲೇಖನದಲ್ಲಿ ಇಲ್ಲವೇ ಇಲ್ಲ. ಅದನ್ನೂ ಬರೆಯಿರಿ. 15 ದಿನ ನಿಮಗಾಗಿ ಜಾಗ ಕಾದಿಡುತ್ತೇನೆ.