ಆಟಗಾರ ತನ್ನ ಟ್ರಿಗರ್ ಮರೆತಾಗ ಎದುರಾಳಿ ಸುಮ್ಮನಿದ್ದರೆ ಅದು ಮೋಸವಲ್ಲವೇ? ಜಡ್ಜ್ ನೆನಪಿಸಬೇಕೇ?

ಬಾಗಲಕೋಟೆಯ ನಿಮ್ಮ ಕಾಲೇಜಿನಲ್ಲಿ ಮ್ಯಾಜಿಕ್: ದಿ ಗ್ಯಾದರಿಂಗ್ ಎಂಬ ಕಾರ್ಡ್ ಆಟದ ಪಂದ್ಯಾವಳಿಗೆ ಮೊದಲ ಬಾರಿ ಜಡ್ಜ್ ಆಗುತ್ತಿದ್ದೀರಿ. ಒಬ್ಬನು ತನ್ನ ಟ್ರಿಗರ್, ಅಂದರೆ ಇಂಥದ್ದು ನಡೆದಾಗ ಇಂಥದ್ದಾಗುತ್ತದೆ ಎಂದು ಕಾರ್ಡಿನಲ್ಲಿ ಬರೆದಿರುವ ಪರಿಣಾಮವನ್ನು, ಮರೆತು ಇನ್ನೊಬ್ಬನು ನೋಡಿಯೂ ಬಾಯಿ ಬಿಡದಿದ್ದರೆ ಆ ಇನ್ನೊಬ್ಬನಿಗೆ ದಂಡ ಹಾಕುವುದೋ, ನೀವೇ ಮರೆತವನಿಗೆ ನೆನಪಿಸುವುದೋ ಎಂದು ಕೇಳಿದ್ದೀರಿ. ಎರಡನ್ನೂ ಮಾಡಬೇಡಿ. ಎರಡನೆಯದನ್ನು ನಾನು ಮಾಡಿದ್ದೇನೆ.

2023ರ ಜುಲೈ. ಬೆಳಗಾವಿಯ ಟಿಳಕವಾಡಿಯಲ್ಲಿ, ಎರಡನೇ ರೈಲ್ವೆ ಗೇಟಿಗೆ ಹತ್ತಿರದ ಒಂದು ಮಹಡಿ ಕೋಣೆ. ಹೊರಗೆ ನಾಲ್ಕು ದಿನದಿಂದ ಹಿಡಿದ ಮಳೆ; ಒಳಗೆ ಹದಿನಾಲ್ಕು ಆಟಗಾರರು. ಜಡ್ಜ್ ಎಂದು ಇದ್ದವನು ನಾನೊಬ್ಬನೇ, ಅದೂ ನಿಯಮ ಹೆಚ್ಚು ಓದಿದವನೆಂದು ಗೆಳೆಯರು ನಿಲ್ಲಿಸಿದ್ದರಿಂದ. ಕೊನೆಯ ಸುತ್ತಿನಲ್ಲಿ ಒಂದು ಮೇಜಿನಲ್ಲಿ ಇಂಜಿನಿಯರಿಂಗ್ ಓದುವ ನಮ್ಮೂರಿನ ಹುಡುಗ, ಅವನ ಎದುರು ಬೆಳಗಿನ ಜಾವದ ಬಸ್ಸು ಹಿಡಿದು ವಿಜಯಪುರದಿಂದ ಬಂದಿದ್ದ ಮೂವತ್ತು ದಾಟಿದ ಒಬ್ಬರು. ಇಬ್ಬರೂ ಒಂದೊಂದು ಗೇಮ್ ಗೆದ್ದಿದ್ದರು. ಮೂರನೆಯದು ನಡೆಯುತ್ತಿತ್ತು, ನಾನು ಮೇಜಿನ ಪಕ್ಕದಲ್ಲಿ ನಿಂತಿದ್ದೆ.

ಹುಡುಗನ ಕಡೆ ಸೋಲ್ ವಾರ್ಡನ್ ಇತ್ತು, ಅಜಾನೀಸ್ ಪ್ರೈಡ್‌ಮೇಟ್ ಇತ್ತು. ಎರಡೂ ಕ್ರೀಚರ್‌ಗಳು, ಅಂದರೆ ಹೋರಾಡುವ ಜೀವಿಯ ಕಾರ್ಡುಗಳು. ಬೇರೆ ಯಾವುದೇ ಕ್ರೀಚರ್ ಮೈದಾನಕ್ಕೆ ಬಂದಾಗ ಸೋಲ್ ವಾರ್ಡನ್ ತನ್ನ ಆಟಗಾರನಿಗೆ ಒಂದು ಲೈಫ್ (ಸೊನ್ನೆಗಿಳಿದರೆ ಸೋಲುವ ಅಂಕ) ಕೊಡುತ್ತದೆ. ನೀವು ಲೈಫ್ ಪಡೆದಾಗಲೆಲ್ಲ ಪ್ರೈಡ್‌ಮೇಟ್ ಮೇಲೆ ಒಂದು +1/+1 ಕೌಂಟರ್, ಅಂದರೆ ಅದರ ಬಲವನ್ನೂ ತಾಳಿಕೆಯನ್ನೂ ಒಂದೊಂದು ಹೆಚ್ಚಿಸುವ ಗುರುತು, ಇಡಬೇಕು. ಹುಡುಗ ಒಂದೇ ಟರ್ನಿನಲ್ಲಿ ಎರಡು ಸಣ್ಣ 1/1 (ಬಲ ಒಂದು, ತಾಳಿಕೆ ಒಂದು) ಕ್ರೀಚರ್‌ಗಳನ್ನು ಇಳಿಸಿದ, ಹಾಳೆಯಲ್ಲಿ ತನ್ನ ಲೈಫನ್ನು 12ರಿಂದ 13, 13ರಿಂದ 14 ಎಂದು ತಿದ್ದಿದ, ಆದರೆ ಪ್ರೈಡ್‌ಮೇಟ್ ಮೇಲೆ ಏನನ್ನೂ ಇಡದೆ ಟರ್ನ್ ಬಿಟ್ಟುಕೊಟ್ಟ. ಆಟವನ್ನು ಅವನು ಕಲಿತದ್ದು ಫೋನಿನಲ್ಲಿ, ಇದೇ ಆಟದ ಡಿಜಿಟಲ್ ರೂಪವಾದ ಅರೀನಾದಲ್ಲಿ. ಅಲ್ಲಿ ಕೌಂಟರ್ ತಾನಾಗಿಯೇ ಬಂದು ಕೂರುತ್ತದೆ, ಆಟಗಾರ ನೆನಪಿಡಬೇಕಾದದ್ದು ಏನೂ ಇರುವುದಿಲ್ಲ. ಕಾಗದದ ಕಾರ್ಡಿಗೆ ಬಂದ ಹೊಸಬರಲ್ಲಿ ಈ ಮರೆವನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ವಿಜಯಪುರದವರು ತಮ್ಮ ಟರ್ನಿನಲ್ಲಿ ಬಹಳ ಹೊತ್ತು ಮೇಜನ್ನು ನೋಡಿದರು. ಅವರ ಬಳಿ ಒಂದೇ ಒಂದು 3/3 ಇತ್ತು. ಹುಡುಗ ಎರಡು ಮೂರು ಕ್ರೀಚರ್ ಸೇರಿಸಿ ತಡೆದರೆ ಅದು ಸಾಯಬಹುದಿತ್ತು, ಆದರೆ ಹಾಗೆ ತಡೆದರೆ 2/2 ಆಗಿರುವ ಪ್ರೈಡ್‌ಮೇಟ್ ಸಹ ಹೋಗಬಹುದು, ಡೆಕ್ಕಿನ ಬೆನ್ನೆಲುಬಾದ ಆ ಕಾರ್ಡನ್ನು ಹುಡುಗ ಅಷ್ಟು ಸುಲಭವಾಗಿ ಬಿಡಲಾರ ಎಂಬುದು ಅವರ ಲೆಕ್ಕ. ಅವರು 3/3ಯನ್ನು ಮುಂದಕ್ಕೆ ತಳ್ಳಿ "ಅಟ್ಯಾಕ್" ಎಂದರು.

ಆಗ ನಾನು ಬಾಯಿ ತೆರೆದೆ. "ಪ್ರೈಡ್‌ಮೇಟ್ ಮೇಲೆ ಎರಡು ಕೌಂಟರ್ ಬರಬೇಕಲ್ಲ" ಎಂದೆ.

ಈ ಒಂದು ವಾಕ್ಯವನ್ನು ನಾನು ಬಿಡಿಸಿ ಬಿಡಿಸಿ ಹೇಳಬೇಕು, ಏಕೆಂದರೆ ಅದರೊಳಗೆ ಏನೇನು ತಪ್ಪಿತ್ತೆಂದು ನನಗೆ ತಿಳಿಯಲು ತಿಂಗಳುಗಳೇ ಹಿಡಿದವು. ಕೌಂಟರ್ ಎಂಬುದು ಕಣ್ಣಿಗೆ ಕಾಣುವ ವಸ್ತು. ಅದನ್ನು ಇಡಬೇಕಾದ ಗಳಿಗೆ ದಾಟಿ ಆಟ ಮುಂದೆ ಹೋದರೆ ಆ ಟ್ರಿಗರ್ ತಪ್ಪಿಹೋಯಿತೆಂದೇ ಲೆಕ್ಕ. ಹುಡುಗ ಎರಡನೆಯ ಕ್ರೀಚರ್ ಇಳಿಸಿದಾಗ ಮೊದಲ ಟ್ರಿಗರ್ ತಪ್ಪಿತ್ತು, ಟರ್ನ್ ಬಿಟ್ಟುಕೊಟ್ಟಾಗ ಎರಡನೆಯದೂ ತಪ್ಪಿತ್ತು. ಅಂಗಡಿ ಮಟ್ಟದ ಪಂದ್ಯಗಳಿಗಿರುವ 'ಜಡ್ಜಿಂಗ್ ಅಟ್ ರೆಗ್ಯುಲರ್' ಎಂಬ ಪುಟ್ಟ ದಾಖಲೆ ಇಂಥ ಸಂದರ್ಭಕ್ಕೆ ಹೇಳುವುದಿಷ್ಟೇ: ಟ್ರಿಗರಿನ ಬರಹದಲ್ಲಿ 'ಮಾಡಬಹುದು' ಎಂದಿದ್ದರೆ ಆಟಗಾರ ಬೇಡವೆಂದನೆಂದು ಭಾವಿಸಿ, ಇಲ್ಲದಿದ್ದರೆ ಈಗ ಅದನ್ನು ಸ್ಟ್ಯಾಕಿಗೆ (ಜಾರಿಯಾಗಲು ಕಾದಿರುವ ಪರಿಣಾಮಗಳ ಸಾಲಿಗೆ) ಸೇರಿಸುವುದರಿಂದ ಆಟ ಅತಿಯಾಗಿ ಕದಡುತ್ತದೆಯೇ ಎಂದು ನೀವೇ ತೂಗಿ, ಆದರೆ ಅದು ನಡೆದಿಲ್ಲವೆಂಬ ಆಧಾರದ ಮೇಲೆ ಯಾರಾದರೂ ಮಹತ್ವದ ನಿರ್ಧಾರ ತೆಗೆದುಕೊಂಡಿದ್ದರೆ ಸೇರಿಸಬೇಡಿ. ಪ್ರೈಡ್‌ಮೇಟ್ 2010ರಲ್ಲಿ ಮೊದಲು ಅಚ್ಚಾದಾಗ ಅದರ ಮೇಲೆ 'ಇಡಬಹುದು' ಎಂದೇ ಇತ್ತು. 2019ರಲ್ಲಿ ಅದನ್ನು ಕಡ್ಡಾಯವಾಗಿ ಬದಲಿಸಿದರು, ಹಳೆಯ ಪ್ರತಿಗಳಿಗೂ ಈಗ ಅದೇ ಅನ್ವಯ. ನನ್ನ ತಲೆಯಲ್ಲಿ ಕುಳಿತದ್ದು ಈ 'ಕಡ್ಡಾಯ' ಎಂಬ ಮಾತು. ಕಡ್ಡಾಯವಾದದ್ದು ಆಗಲೇಬೇಕು, ಆಗಿಸುವವನು ಜಡ್ಜ್ ಎಂದು ನಾನು ನಂಬಿದ್ದೆ. ಆ ಅಟ್ಯಾಕ್ ಎಂಬುದೇ ದಾಖಲೆ ಹೇಳುವ 'ಮಹತ್ವದ ನಿರ್ಧಾರ' ಎಂಬುದು ನನಗೆ ಹೊಳೆಯಲೇ ಇಲ್ಲ. ಐದು ಸೆಕೆಂಡು ಮೊದಲು, ಅಂದರೆ ಅಟ್ಯಾಕ್ ಘೋಷಣೆಗೆ ಮುಂಚೆ, ಹುಡುಗ ತಾನಾಗಿಯೇ ನೆನೆದು ನನ್ನನ್ನು ಕರೆದಿದ್ದರೆ ಆ ಎರಡು ಕೌಂಟರ್ ಇಡಿಸುವುದು ಸರಿಯಾದ ತೀರ್ಪೇ ಆಗುತ್ತಿತ್ತು.

ಅದೇ ತಪ್ಪಿನ ಇನ್ನರ್ಧ ಇನ್ನೂ ಕೆಟ್ಟದ್ದು. ಕೌಂಟರ್ ಬಂದ ಮೇಲೆ ಪ್ರೈಡ್‌ಮೇಟ್ 4/4 ಆಯಿತು. ವಿಜಯಪುರದವರು "ಹಂಗಾದ್ರ ನಾ ಅಟ್ಯಾಕ್ ಮಾಡಂಗಿಲ್ರಿ" ಎಂದರು. ಘೋಷಿಸಿದ ಅಟ್ಯಾಕನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ ಎಂದು ನಾನು ತೀರ್ಪು ಕೊಟ್ಟೆ. ಮರೆತವನ ಮರೆವನ್ನು ನಾನು ಹಿಂದಕ್ಕೆ ಹೋಗಿ ತಿದ್ದಿಕೊಟ್ಟೆ, ಮೇಜಿನ ಮೇಲೆ ಇದ್ದದ್ದನ್ನು ಇದ್ದ ಹಾಗೆ ನೋಡಿ ಸರಿಯಾಗಿ ಲೆಕ್ಕ ಹಾಕಿದವರಿಗೆ ಅದೇ ಅವಕಾಶ ಕೊಡಲಿಲ್ಲ. ಹುಡುಗ ಬ್ಲಾಕ್ ಮಾಡಿದ, 3/3 ಸತ್ತಿತು, ಎರಡು ಟರ್ನ್ ಕಳೆದ ಮೇಲೆ ಗೇಮೂ ಮುಗಿಯಿತು. ಕಾರ್ಡುಗಳನ್ನು ಡಬ್ಬಿಗೆ ತುಂಬುತ್ತಾ ಅವರು ನನ್ನನ್ನು ಕೇಳಿದ್ದು ಒಂದೇ ಮಾತು: "ಸರ್, ನಾ ಇವನ ಜೋಡಿ ಆಡಾಕತ್ತಿದ್ದೆನೋ, ನಿಮ್ಮ ಜೋಡಿ ಆಡಾಕತ್ತಿದ್ದೆನೋ?" ಅವರು ಸಿಟ್ಟಿನಿಂದ ಕೇಳಲಿಲ್ಲ. ನನ್ನ ಬಳಿ ಉತ್ತರವಿರಲಿಲ್ಲ. ಆಮೇಲೆ ಅವರು ಬೆಳಗಾವಿಯ ಯಾವ ಪಂದ್ಯಾವಳಿಗೂ ಬರಲಿಲ್ಲ.

ಹುಡುಗನಿಗಾದರೂ ಒಳ್ಳೆಯದಾಯಿತೇ ಎಂದರೆ ಅದೂ ಇಲ್ಲ. ಮುಂದಿನ ತಿಂಗಳ ಪಂದ್ಯದಲ್ಲಿ ಅವನು ಪ್ರತಿ ಕಾರ್ಡ್ ಇಳಿಸಿದ ಮೇಲೂ ಒಮ್ಮೆ ತಲೆಯೆತ್ತಿ ನನ್ನ ಮುಖ ನೋಡುತ್ತಿದ್ದ. ನನ್ನ ಹುಬ್ಬು ಏರಿದರೆ ಏನೋ ಮರೆತಿದ್ದೇನೆಂದು ಅವನಿಗೆ ಗೊತ್ತಾಗುತ್ತಿತ್ತು. ಆ ದಿನ ನಾನು ಆ ಮೇಜಿಗೆ ಬೆನ್ನು ಮಾಡಿ ನಿಲ್ಲಬೇಕಾಯಿತು.

ಇನ್ನು 'ಎದುರಾಳಿಯ ಮೌನ ಮೋಸವಲ್ಲವೇ' ಎಂಬ ನಿಮ್ಮ ಮಾತು. ಆ ಮಾತಿನ ಬುಡವನ್ನೇ ನಾನು ಒಪ್ಪುವುದಿಲ್ಲ. ಬೇರೆ ತಪ್ಪುಗಳ ಮಾತು ಬೇರೆ: ಎದುರಾಳಿ ನಿಯಮಕ್ಕೆ ವಿರುದ್ಧವಾಗಿ ಏನಾದರೂ ಮಾಡಿದ್ದು ಕಂಡರೆ ಹೇಳಲೇಬೇಕು. ತಪ್ಪಿದ ಟ್ರಿಗರಿಗೆ ಮಾತ್ರ ಆ ನಿಯಮದಿಂದ ವಿನಾಯಿತಿ ಇದೆ. ಎದುರಾಳಿ ಬೇಕಾದರೆ ಹೇಳಬಹುದು, ಹೇಳದಿದ್ದರೆ ತಪ್ಪಿಲ್ಲ. ಮೊದಲು ಹೀಗಿರಲಿಲ್ಲ. ಕಡ್ಡಾಯ ಟ್ರಿಗರುಗಳನ್ನು ಇಬ್ಬರೂ ಕಾಯಬೇಕಿತ್ತು, ಹಾಗಾಗಿ ನನ್ನನ್ನು ಸೋಲಿಸುವ ನಿಮ್ಮ ಟ್ರಿಗರನ್ನು ನಾನೇ ನಿಮಗೆ ನೆನಪಿಸಬೇಕಾಗುತ್ತಿತ್ತು. 2012ರಲ್ಲಿ ಅದನ್ನು ಕೈಬಿಟ್ಟು, ಟ್ರಿಗರ್ ಯಾರದೋ ನೆನಪಿನ ಹೊಣೆಯೂ ಅವರದೇ ಎಂದರು. ಇದಕ್ಕಿಂತ ನ್ಯಾಯವಾದ ಬದಲಾವಣೆ ಆ ನಿಯಮಗಳಲ್ಲಿ ಇನ್ನೊಂದು ಬಂದಿಲ್ಲವೆಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ತನ್ನ ಕಾರ್ಡನ್ನು ತಾನು ಬಲ್ಲವನಾಗಿರುವುದು ಆಟದ ಕೌಶಲದ ಒಂದು ಭಾಗ. ಅದನ್ನು ಎದುರಾಳಿಯಿಂದ ಬೇಡಿ ಪಡೆಯುವಂತಿಲ್ಲ, ಜಡ್ಜಿನಿಂದಂತೂ ಪಡೆಯಲೇಬಾರದು.

ಮೋಸವೆಂಬುದು ಬೇರೆ ಕಡೆ ಇದೆ, ನೀವು ಅದನ್ನು ನೋಡಬೇಕು. ವ್ಯಾಂಪೈರ್ ಲ್ಯಾಸರೇಟರ್‌ನಂಥ ಕಾರ್ಡು ತನ್ನ ಒಡೆಯನ ಪ್ರತಿ ಅಪ್‌ಕೀಪಿನಲ್ಲಿ, ಅಂದರೆ ಅವನ ಟರ್ನಿನ ಆರಂಭದಲ್ಲಿ, ಅವನದೇ ಒಂದು ಲೈಫ್ ಕಳೆಯುತ್ತದೆ, ಎದುರಾಳಿ 10ಕ್ಕೋ ಅದಕ್ಕಿಂತ ಕೆಳಗೋ ಇಳಿಯುವವರೆಗೆ. ಅದನ್ನು ಒಡೆಯ 'ಮರೆತರೆ' ಲಾಭ ಅವನಿಗೇ. ಬೇಕೆಂದೇ ಮರೆತಿದ್ದರೆ ಅದು ಶುದ್ಧ ಮೋಸ. ಸ್ಪರ್ಧಾತ್ಮಕ ಮಟ್ಟದ ಪಂದ್ಯಗಳಿಗಿರುವ 'ಇನ್‌ಫ್ರ್ಯಾಕ್ಷನ್ ಪ್ರೊಸೀಜರ್ ಗೈಡ್' ಸಹ ಈ ಗೆರೆಯನ್ನೇ ಎಳೆಯುತ್ತದೆ: ಒಡೆಯನಿಗೆ ಒಳಿತು ಮಾಡುವ ಟ್ರಿಗರ್ ತಪ್ಪಿದರೆ ದಂಡವಿಲ್ಲ, ಸಾಮಾನ್ಯವಾಗಿ ಕೆಡುಕು ಮಾಡುವ ಟ್ರಿಗರ್ ತಪ್ಪಿದರೆ ವಾರ್ನಿಂಗ್, ತೀರ ಹಳೆಯದಾಗದೆ ಇದ್ದರೆ ಅದನ್ನು ಈಗ ಸ್ಟ್ಯಾಕಿಗೆ ಸೇರಿಸುವುದೋ ಬೇಡವೋ ಎಂಬ ಆಯ್ಕೆ ಎದುರಾಳಿಯದು. ವಾರ್ನಿಂಗ್ ಕೊಡುವ ಸಂದರ್ಭವಲ್ಲದಿದ್ದರೆ, ಮೋಸದ ಅನುಮಾನವೂ ಇಲ್ಲದಿದ್ದರೆ, ಆ ಮಟ್ಟದಲ್ಲಿ ಜಡ್ಜ್ ನಡುವೆ ಬಾಯಿ ಹಾಕುವಂತಿಲ್ಲ. ನಿಮ್ಮದು ಕಾಲೇಜಿನ ಪಂದ್ಯ, ಅಷ್ಟು ಬಿಗಿ ಬೇಕಿಲ್ಲವೆಂದು ಯಾರಾದರೂ ಹೇಳಬಹುದು. ಈ ಒಂದು ವಿಷಯದಲ್ಲಿ ಅದೇ ಬಿಗಿಯನ್ನು ಕಾಲೇಜಿನಲ್ಲೂ ಇಟ್ಟುಕೊಳ್ಳಿ ಎಂಬುದು ನನ್ನ ಅಭಿಪ್ರಾಯ.

ಒಂದು ಎಚ್ಚರ ಮಾತ್ರ ಬೇಕು. ಬಾಯಲ್ಲಿ ಹೇಳಲಿಲ್ಲ ಎಂದ ಮಾತ್ರಕ್ಕೆ ಎಲ್ಲವೂ ಮರೆತದ್ದಲ್ಲ. ಮೊನಾಸ್ಟರಿ ಸ್ವಿಫ್ಟ್‌ಸ್ಪಿಯರ್ ಎಂಬ ಕ್ರೀಚರ್ 1/2. ಅದರ ಒಡೆಯ ಒಂದು ಇನ್‌ಸ್ಟೆಂಟ್ (ಕ್ರೀಚರ್ ಅಲ್ಲದ ಒಂದು ಬಗೆಯ ಮಂತ್ರದ ಕಾರ್ಡ್) ಆಡಿದಾಗ ಪ್ರೌವೆಸ್ ಎಂಬ ಅದರ ಟ್ರಿಗರಿನಿಂದ ಆ ಟರ್ನಿಗೆ ಅದು 2/3 ಆಗುತ್ತದೆ, ಆದರೆ ಮೇಜಿನ ಮೇಲೆ ಏನೂ ಬದಲಾಗುವುದಿಲ್ಲ. ಡ್ಯಾಮೇಜ್ ಹೊತ್ತಿಗೆ ಅವನು "ಎರಡು" ಎಂದರೆ ಸಾಕು, ನೆನಪಿತ್ತು ಎಂದೇ ಅರ್ಥ. ಎದುರಾಳಿ "ಒಂದು ತಾನೇ?" ಎಂದು ಲೈಫ್ ಕಳೆದುಕೊಂಡಾಗ ಅವನೂ ತಲೆಯಾಡಿಸಿದರೆ ಅದು ತಪ್ಪಿತು. ನಿಮ್ಮನ್ನು ಕರೆದಾಗ ನೀವು ಕೇಳಬೇಕಾದ ಮೊದಲ ಪ್ರಶ್ನೆ ಇದೇ: ಆ ಪರಿಣಾಮ ಕಣ್ಣಿಗೆ ಬೀಳಬೇಕಾದ ಗಳಿಗೆ ಯಾವುದಿತ್ತು, ಆಗ ಇಬ್ಬರೂ ಏನಂದಿರಿ?

ಈಗ ನಾನು ಜಡ್ಜ್ ಆಗಿ ನಿಂತಾಗ ಜೇಬಿನಲ್ಲಿ ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಂಡಿರುತ್ತೇನೆ. ತಪ್ಪಿದ ಟ್ರಿಗರ್ ಕಂಡರೆ ಮೇಜಿನಿಂದ ದೂರ ಹೋಗಿ ಬರೆದುಕೊಳ್ಳುತ್ತೇನೆ, ಮ್ಯಾಚ್ ಮುಗಿದು ಫಲಿತಾಂಶದ ಚೀಟಿ ನನ್ನ ಕೈಗೆ ಬಂದ ಮೇಲೆ ಹುಡುಗರನ್ನು ಪಕ್ಕಕ್ಕೆ ಕರೆದು ತೋರಿಸುತ್ತೇನೆ. ಮೊದಲ ಸುತ್ತಿಗೆ ಮುಂಚೆ ಎಲ್ಲರನ್ನೂ ಕೂರಿಸಿ, ನಿಮ್ಮ ಟ್ರಿಗರ್ ನಿಮ್ಮ ಹೊಣೆ, ಎದುರಿನವರದನ್ನು ಹೇಳಬಹುದು ಆದರೆ ಹೇಳಲೇಬೇಕೆಂದಿಲ್ಲ, ನಾನಂತೂ ಹೇಳುವುದಿಲ್ಲ ಎಂದು ಒಮ್ಮೆ ಕನ್ನಡದಲ್ಲಿ, ಒಮ್ಮೆ ಮರಾಠಿಯಲ್ಲಿ ಹೇಳುತ್ತೇನೆ. ನಮ್ಮ ಊರಿನ ಹುಡುಗರಲ್ಲಿ ಅನೇಕರು ಲೈಫ್ ಎಣಿಸುವುದು ಮರಾಠಿಯಲ್ಲೇ. ಬಾಗಲಕೋಟೆಯಲ್ಲಿ ನಿಮಗೆ ಕನ್ನಡವೊಂದೇ ಸಾಕಾಗಬಹುದು, ಆದರೆ ಆ ಮಾತನ್ನು ಮೊದಲ ಕಾರ್ಡ್ ಇಳಿಯುವ ಮುಂಚೆಯೇ ಹೇಳಿಬಿಡಿ.