ಮುತ್ಯಾನ ಗುರುತು ಹೊಲದ ಕಾಗದದಾಗ ಅದ

ತಮ್ಮಾ, ನೀ ಕೇಳಿದ್ದು ಇಷ್ಟು: "ಅಣ್ಣಾ, ಅಮೆರಿಕಕ್ಕ ಬಂದು ಹೊಸದು. ಇಲ್ಲಿ ಆಫೀಸಿನ್ಯಾಗ ಒಬ್ಬರು ತಮ್ಮ ಅಜ್ಜಿ ಹೆಸರು 1950ರ ಜನಗಣತಿಯೊಳಗ ಕಂಪ್ಯೂಟರ್ ಮ್ಯಾಲೇ ತೋರಿಸಿದ್ರು. ನಮ್ಮ ಮುತ್ಯಾ ಕಲಬುರಗಿ ಜಿಲ್ಲಾದ ಚಿತ್ತಾಪುರ ಕಡೆ ಸಾದಾ ರೈತ. ಅವರದೂ ಹಂಗ ಸಿಗ್ತದೇನು?"

ಜನಗಣತಿಯೊಳಗ ಸಿಗಂಗಿಲ್ಲ. ಇಲ್ಲಿ ಅಮೆರಿಕದಾಗ 72 ವರ್ಷ ಆದ ಮ್ಯಾಲ ಮನಿಮನಿ ಹಾಳಿ ಜನರಿಗೆ ತೆರೀತಾರ. 1950ರದು 2022ರ ಏಪ್ರಿಲ್‌ದಾಗ ಬಂತು. ನಮ್ಮಲ್ಲಿ 1948ರ ಜನಗಣತಿ ಕಾಯ್ದೆ ಪ್ರಕಾರ ಒಬ್ಬೊಬ್ಬರ ವಿವರ ಗುಪ್ತ. ಹಂಗಂತ ನಿಮ್ಮ ಮುತ್ಯಾನ ಹೆಸರು ಎಲ್ಲೂ ಇಲ್ಲ ಅಂತಲ್ಲ. ಹೊಲ ಇದ್ದ ಮನಿ ಆದ್ರ ಅದು ಕಂದಾಯದ ಕಾಗದದಾಗ ಅದ.

ಈಗಿನ ಪಹಣಿಯಿಂದ (ಹೊಲ ಯಾರದು ಅಂತ ತೋರಿಸೋ ಕಂದಾಯದ ಕಾಗದ) ಶುರು ಮಾಡು. 9ನೇ ಕಲಂನಾಗ ಹೊಲದವರ ಹೆಸರು, 10ರಾಗ ಹೊಲ ಅವರಿಗೆ ಹೆಂಗ ಬಂತು ಅನ್ನೋದು, ಮ್ಯುಟೇಶನ್ (ಹೊಲದ ಹಕ್ಕು ಒಬ್ಬರಿಂದ ಇನ್ನೊಬ್ಬರಿಗೆ ಹೋದದ್ದರ ನೋಂದಣಿ) ನಂಬರ್ ಸಮೇತ ಇರ್ತದ. ಆ ಮ್ಯುಟೇಶನ್ ನಕಲು ತರಿಸು. ಅದು ವಾರಸಾದ್ದು ಇದ್ರ ತೀರಿಕೊಂಡವರು ಯಾರು, ವಾರಸುದಾರರು ಯಾರ್ಯಾರು ಅಂತ ಬರೆದಿರ್ತಾರ. ಎಷ್ಟೋ ಸಲ ತೀರಿಕೊಂಡ ತಾರೀಖೂ ಇರ್ತದ. ಹಿಂಗ ಒಂದರಿಂದ ಒಂದು ಹಿಂದಕ್ಕ ಹೋಗಬೇಕು. ಕಂಪ್ಯೂಟರಿಗಿಂತ ಮುಂಚಿನ ಕೈಬರಹದ ಪಹಣಿ ತಾಲೂಕಿನ ರೆಕಾರ್ಡ್ ರೂಮಿನ್ಯಾಗ ಇರ್ತಾವ. ಅರ್ಜಿಯೊಳಗ ಊರು, ಹೋಬಳಿ, ಸರ್ವೆ ನಂಬರ್, ವರ್ಷ ನಾಲ್ಕೂ ಬರಿ. ಬರೇ ಹೆಸರು ಬರೆದ್ರ ಯಾರಿಂದಲೂ ಹುಡುಕಲಿಕ್ಕೆ ಆಗಂಗಿಲ್ಲ, ಯಾಕಂದ್ರ ಕಟ್ಟು ಕಟ್ಟಿಟ್ಟದ್ದು ಊರು, ವರ್ಷದ ಲೆಕ್ಕದಾಗ. 1954-55ರ ಖಾಸ್ರಾ ಪಹಣಿ ಮಾತ್ರ ಬಿಡಬ್ಯಾಡ. ನಿಜಾಮರ ಆಡಳಿತ ಮುಗಿದ ಮ್ಯಾಲ ಯಾವ ಹೊಲ ಯಾರ ಕೈಯಾಗಿತ್ತು ಅನ್ನೋದಕ್ಕ ಕೋರ್ಟಿನ್ಯಾಗೂ ಅದನ್ನ ನೋಡ್ತಾರ.

ಅದರ ಹಿಂದಿನದು ಬಹಳಷ್ಟು ಉರ್ದು. ಹೊಸಬರು ಸೋಲೋದು ಇಲ್ಲೇ. ವರ್ಷ ಫಸಲಿಯೊಳಗ (ನಿಜಾಮರ ಕಾಲದ ಕಂದಾಯದ ವರ್ಷದ ಲೆಕ್ಕ) ಇರ್ತದ; 590 ಕೂಡಿಸಿದ್ರ ಇಸವಿ ಬರ್ತದ, ಒಂದು ವರ್ಷ ಆಚೀಚಿ ಆಗಬಹುದು. ಫಸಲಿ 1344 ಅಂದ್ರ ಸುಮಾರು 1934. 'ವಲದ್' ಅಂದ್ರ ಇಂಥವರ ಮಗ, 'ಜೌಜೆ' ಅಂದ್ರ ಇಂಥವರ ಹೆಂಡತಿ. ಓಡುಬರಹದಾಗ ಕ, ಗ ನಡುವಿನ ಗೆರಿ ಬಿಟ್ಟು ಹೋಗ್ತದ, ಹ್ರಸ್ವ ಸ್ವರ ಬರಿಯಂಗಿಲ್ಲ, ನಮ್ಮ ಳ ಅಲ್ಲಿ ಲ ಆಗ್ತದ. ಅದಕ್ಕ ಗಾಳೆಪ್ಪ ಕಾಲಪ್ಪ ಆಗಿ ಬಂದ್ರ ಅವರು ಬ್ಯಾರೆ ಮನುಷ್ಯಾ ಅಂತ ಕೈಬಿಡಬ್ಯಾಡ. ಸರ್ವೆ ನಂಬರ್, ಅಪ್ಪನ ಹೆಸರು ಹೊಂದ್ತಾವೇನು ನೋಡು. ಓದಿಸಲಿಕ್ಕೆ ನಿವೃತ್ತ ಕಾರಕೂನರು, ಹಳೇ ವಕೀಲರು ಇನ್ನೂ ಅದಾರ, ಆದ್ರ ಕಡಿಮಿ ಆಗ್ಲಿಕತ್ತಾರ. ಈ ಕೆಲಸ ಮುಂದಿನ ವರ್ಷಕ್ಕ ಹಾಕಬ್ಯಾಡ.

ದೊಡ್ಡ ತಪ್ಪು ಇನ್ನೊಂದು ಕಡೆ ಆಗ್ತದ. ಮುತ್ಯಾನ ಹೆಸರು ಮೊಮ್ಮಗಗ ಇಡೋದು ನಮ್ಮ ರೂಢಿ. 'ಶರಣಪ್ಪ ವಲದ್ ಭೀಮಶಾ' ಅನ್ನೋ ಸಾಲು ಒಂದು ತಲಿ (ತಲೆಮಾರು) ಬಿಟ್ಟು ಮತ್ತ ಹಂಗೇ ಬರ್ತದ. ಇಬ್ಬರನ್ನೂ ಒಬ್ಬರು ಅಂತ ತಿಳಿದ್ರ ಲೆಕ್ಕದಾಗ ಎರಡು ತಲಿ ಮಾಯ. ಮ್ಯುಟೇಶನ್ ವರ್ಷಗಳ ನಡುವ ಐವತ್ತು-ಅರವತ್ತು ವರ್ಷ ಅಂತರ ಇದ್ರ ಅನುಮಾನ ಪಡು.

ಹಳೇ ಗಡಿನೂ ನೆನಪಿರಲಿ. 1956ರಾಗ ಗುಲಬರ್ಗಾ (ಈಗಿನ ಕಲಬುರಗಿ) ಜಿಲ್ಲಾದ ತಾಂಡೂರು, ಕೊಡಂಗಲ್ ಆಂಧ್ರಕ್ಕ ಹೋದ್ವು, ಈಗ ತೆಲಂಗಾಣದಾಗ ಅದಾವ. ಬೀದರಿನ ಉದಗೀರ, ನಿಲಂಗಾ, ಅಹ್ಮದಪುರ ಈಗ ಮಹಾರಾಷ್ಟ್ರದಾಗ. ಆಯಿಯ ತವರು ಆ ಕಡೆ ಇದ್ರ ಕಲಬುರಗಿ ಕಚೇರಿಯೊಳಗ ಎಷ್ಟು ಅಡ್ಡಾಡಿದ್ರೂ ಕಾಗದ ಸಿಗಂಗಿಲ್ಲ. ರಜಾಕಾರರ (ನಿಜಾಮರ ಪರ ಇದ್ದ ಹತಾರದ ಪಡೆ) ಗಲಾಟಿಯಾಗ ಬಹಳ ಮಂದಿ ಸೊಲ್ಲಾಪುರ, ವಿಜಯಪುರ ಕಡೆ ಹೋಗಿದ್ರು; 1947-48ರಾಗ ಮಗು ಸಾಲಿ ಸೇರಿದ್ದು ಅಲ್ಲೇ ಇರಬಹುದು.

ಹೊಲ ಇಲ್ಲದ ಮನಿತನಕ್ಕ ದಾರಿ ಬ್ಯಾರೆ: ಸಾಲಿಯ ದಾಖಲಾತಿ ರಿಜಿಸ್ಟರ್, ಪಂಚಾಯಿತಿಯ ಮನಿ ಟ್ಯಾಕ್ಸ್ ವಹಿ, ಕಲಬುರಗಿಯ ಎಂ.ಎಸ್.ಕೆ. ಬಟ್ಟಿ ಮಿಲ್ ಇಲ್ಲಾ ಶಹಾಬಾದ್ ಸಿಮೆಂಟ್ ಕಾರ್ಖಾನಿ ಕೆಲಸಗಾರರಾಗಿದ್ರ ಪಿ.ಎಫ್. ನಾಮಿನಿ ಫಾರ್ಮ್, ವಾಡಿ ರೈಲ್ವೆಯೊಳಗಿದ್ರ ಸರ್ವೀಸ್ ಬುಕ್. ಮುಸಲ್ಮಾನರ ಮನಿಗಳಿಗೆ ಖಾಜಿ ದಫ್ತರಿನ ನಿಕಾಹನಾಮಾ ಛಲೋ ಆಧಾರ. ಎರಡೂ ಕಡೆ ಅಪ್ಪಂದಿರ ಹೆಸರು, ಸಾಕ್ಷಿದಾರರ ಹೆಸರು ಅದರಾಗ ಇರ್ತಾವ.

ಹೆಣ್ಣುಮಕ್ಕಳು ಕಂದಾಯದ ಕಾಗದದಾಗ ಬಹಳ ಕಡಿಮಿ, ಇದು ಮನಸ್ಸಿಗೆ ನೋವು ಕೊಡೋ ಮಾತು. ಅವರಿಗಾಗಿ ಅಟ್ಟದ ಮ್ಯಾಲಿನ ಪಾತ್ರಿ ಇಳಿಸಿ ನೋಡಲಿಕ್ಕೆ ಹೇಳು. ಮದವ್ಯಾಗ ಬಂದ ಕೊಡ, ತಂಬಗಿ, ಪರಾತದ ಮ್ಯಾಲ ಕೊಟ್ಟವರ ಹೆಸರು, ಊರು, ಕೆಲವೊಮ್ಮೆ ತಾರೀಖೂ ಕೆತ್ತಿಸಿರ್ತಾರ. ಪ್ರತಿಯೊಂದರ ಫೋಟೊ ತರಿಸಿಕೊ.

ಹೆಳವರು ನಿಮ್ಮ ಊರಿಗೆ ಬರ್ತಾರೇನು ಅಂತ ದೊಡ್ಡಪ್ಪಗ ಕೇಳು. ಸುಗ್ಗಿ ಆದ ಮ್ಯಾಲ ಎತ್ತಿನ ಜೋಡಿ ಬಂದು ಮನಿತನದ ವಂಶಾವಳಿ ಓದಿ ಹೇಳ್ತಾರ. ಒಂದೊಂದು ಮನಿತನಕ್ಕ ಒಬ್ಬೊಬ್ಬ ಹೆಳವ ಇರ್ತಾನ, ಎಲ್ಲಾ ಮನಿತನಕ್ಕೂ ಇರಂಗಿಲ್ಲ. ಕಾಳು, ಅರಿವಿ, ದಕ್ಷಿಣೆ ಕೊಟ್ಟು ಗೌರವದಿಂದ ಕೇಳಿ, ಒಪ್ಪಿಗಿ ತಗೊಂಡು ಧ್ವನಿಮುದ್ರಣ ಮಾಡಬೇಕು. ಹತ್ತಿರದ ನಾಲ್ಕೈದು ತಲಿ ಪಹಣಿ ಜೋಡಿ ತಾಳೆ ನೋಡು. ತೀರ ಮ್ಯಾಲಿನ ತಲಿಗಳು ಪುರಾಣದ ಜೋಡಿ ಬೆರೆತಿರ್ತಾವ.

ಈ ಹುಡುಕಾಟ ಅಪ್ಪ ಅವ್ವನ ಗ್ರೀನ್ ಕಾರ್ಡಿಗೂ (ಇಲ್ಲಿ ಕಾಯಂ ಇರಲಿಕ್ಕೆ ಪರವಾನಿಗಿ) ಆಗಿಬರ್ತದ. ನೀ ಮುಂದ ಅಮೆರಿಕದ ನಾಗರಿಕ ಆಗಿ ಅವರಿಗೆ ಅರ್ಜಿ ಹಾಕೋದಿದ್ರ ಅವರ ಜನನ ಪ್ರಮಾಣಪತ್ರ ಕೇಳ್ತಾರ, ಹಳೇ ಮಂದಿಗೆ ಅದು ಇರೋದೇ ಅಪರೂಪ. ಆವಾಗ 'ದಾಖಲೆ ಲಭ್ಯವಿಲ್ಲ' ಅನ್ನೋ ಪ್ರಮಾಣಪತ್ರ, ಸಾಲಿಯ ದಾಖಲಾತಿ ನಕಲು, ಹುಟ್ಟಿದ್ದು ಖುದ್ದು ಗೊತ್ತಿದ್ದ ಇಬ್ಬರು ಹಿರಿಯರ ಅಫಿಡವಿಟ್ ಬೇಕಾಗ್ತಾವ. ಹೆಸರಿನ ಸ್ಪೆಲ್ಲಿಂಗ್ ಎಲ್ಲಾದರಾಗ ಒಂದೇ ಇರಲಿ. ನಿನ್ನ ರಜೆ ಮೂರು ವಾರ ಇದ್ರ, ನಕಲಿನ ಅರ್ಜಿಗಳನ್ನ ಕಾಕಾನ ಮಗನ ಕೈಯಿಂದ ಎರಡು ತಿಂಗಳು ಮೊದಲೇ ಹಾಕಿಸಿಬಿಡು. ನೀ ಊರಾಗಿರೋ ದಿನ ಹಿರಿಯರ ಮುಂದ ಕೂತು ಕೇಳಲಿಕ್ಕೆ ಇಟ್ಟುಕೊ.